35 ಅಂದರೆ 35 ಇರಬೇಕು: ದಾವಣಗೆರೆ, ಚಿತ್ರದುರ್ಗದ ಬಿಸಿಲಲ್ಲಿ ರೀಫ್ ಟ್ಯಾಂಕಿನ ಉಪ್ಪುನೀರು ಅಳೆಯುವ ಬಗೆ

ರೀಫ್ ಟ್ಯಾಂಕಿನ, ಅಂದರೆ ಹವಳ ಸಾಕುವ ಉಪ್ಪುನೀರಿನ ಅಕ್ವೇರಿಯಂನ, ನೀರಿನಲ್ಲಿ ಲವಣಾಂಶ 35 ಪಿಪಿಟಿ (ಸಾವಿರದಲ್ಲಿ 35 ಪಾಲು) ಇರಬೇಕು. ಅಂದರೆ ಒಂದು ಕಿಲೋ ಉಪ್ಪುನೀರು ತೂಗಿದರೆ ಅದರಲ್ಲಿ 35 ಗ್ರಾಂ ಲವಣ. ಇದೇ ನೀರನ್ನು 25 ಡಿಗ್ರಿಯಲ್ಲಿ, ತೇಲಿಸಿ ಸಾಂದ್ರತೆ ಅಳೆಯುವ ಹೈಡ್ರೋಮೀಟರ್‌ಗೆ ಕೊಟ್ಟರೆ ಸ್ಪೆಸಿಫಿಕ್ ಗ್ರ್ಯಾವಿಟಿ (ಶುದ್ಧ ನೀರಿಗೆ ಹೋಲಿಸಿದ ಭಾರ) 1.0264 ಬರಬೇಕು, ನೀರಿನಲ್ಲಿ ವಿದ್ಯುತ್ ಎಷ್ಟು ಹರಿಯುತ್ತದೆ ಎಂದು ಅಳೆಯುವ ಕಂಡಕ್ಟಿವಿಟಿ ಮೀಟರ್‌ಗೆ ಕೊಟ್ಟರೆ ಸೆಂಟಿಮೀಟರಿಗೆ 53 ಮಿಲಿಸೀಮೆನ್ಸ್ ಬರಬೇಕು. ಈ ಮೂರು ಅಂಕಿಗಳನ್ನು ಟ್ಯಾಂಕಿನ ಸ್ಟ್ಯಾಂಡ್ ಬಾಗಿಲ ಒಳಮೈಗೆ ಬರೆದು ಅಂಟಿಸಿಕೊಳ್ಳಿ. ಮುಂದಿನ ಕೆಲಸವೆಲ್ಲ ಇರುವುದು ಉಪಕರಣ ತೋರಿಸಿದ 35 ನಿಜವಾಗಿಯೂ 35 ಹೌದೇ ಎಂದು ಖಾತ್ರಿ ಮಾಡಿಕೊಳ್ಳುವುದರಲ್ಲಿ. ನಮ್ಮ ಕಡೆ ಇದಕ್ಕೆ ಎರಡು ಅಡ್ಡಿಗಳಿವೆ: ವರ್ಷದಲ್ಲಿ ಮೂರ್ನಾಲ್ಕು ತಿಂಗಳು ಮನೆಯೊಳಗೇ 30 ಡಿಗ್ರಿ ಮೀರುವ ಸೆಖೆ, ಮತ್ತು ಬೋರ್‌ವೆಲ್ಲಿನ ಗಡಸು ನೀರು.

ಎರಡು ಮೂರು ಪಿಪಿಟಿ ವ್ಯತ್ಯಾಸಕ್ಕೆ ಏನಾಗುತ್ತದೆ ಎಂದು ಕೇಳುವವರಿದ್ದಾರೆ. ಉಪಕರಣ 35 ಎನ್ನುತ್ತಿದ್ದು ನೀರು ನಿಜಕ್ಕೂ 38 ಇದ್ದರೆ ಲವಣದ ಜೊತೆ ಉಳಿದೆಲ್ಲವೂ ಅದೇ ಪ್ರಮಾಣದಲ್ಲಿ ಏರಿರುತ್ತದೆ. 420 ಇರಬೇಕಾದ ಕ್ಯಾಲ್ಸಿಯಂ 456 ತೋರಿಸುತ್ತದೆ, 8 ಇರಬೇಕಾದ ಆಲ್ಕಲಿನಿಟಿ (ನೀರಿನ ಕ್ಷಾರತ್ವ) 8.7 ತೋರಿಸುತ್ತದೆ. ಆಗ ಉಪ್ಪಿನ ಬ್ರ್ಯಾಂಡನ್ನೋ ಡೋಸಿಂಗನ್ನೋ (ಟ್ಯಾಂಕಿಗೆ ಹಾಕುವ ಪೂರಕಗಳನ್ನೋ) ಅನುಮಾನಿಸಿ ಅದನ್ನು ಬದಲಾಯಿಸಲು ಹೊರಡುತ್ತೇವೆ. ಹವಳಗಳು ಮುದುಡಿ ಕೂತಿದ್ದಾಗ, ಸಿಗಡಿ, ಬಸವನಹುಳು, ನಕ್ಷತ್ರಮೀನು ಒಂದೊಂದಾಗಿ ಸಾಯುತ್ತಿರುವಾಗ ಬೇರೆ ಟೆಸ್ಟ್ ಕಿಟ್ ತೆರೆಯುವ ಮೊದಲು ಲವಣಾಂಶವನ್ನು ಸರಿಯಾಗಿ ಅಳೆಯಿರಿ. ಉಳಿದ ಎಲ್ಲ ಅಳತೆಗೂ ಅದೇ ಅಡಿಪಾಯ.

ಮೊದಲು ನೀರು

ದಾವಣಗೆರೆಯ ನಲ್ಲಿಯಲ್ಲಿ ಬರುವುದು ಭದ್ರಾ ನಾಲೆ ಮತ್ತು ತುಂಗಭದ್ರಾ ನದಿಯ ನೀರು, ಚಿತ್ರದುರ್ಗ ನಗರಕ್ಕೆ ಬರುವುದು ಶಾಂತಿಸಾಗರ ಮತ್ತು ವಾಣಿವಿಲಾಸ ಸಾಗರದ ನೀರು. ಇದು ಬೋರ್ ನೀರಿಗಿಂತ ಮೆದು. ಆದರೆ ನಲ್ಲಿ ಬಾರದ ದಿನ ಅದೇ ಸಂಪಿಗೆ ಬೋರ್ ನೀರು ಸೇರುವ ಮನೆಗಳೇ ಹೆಚ್ಚು, ಹಾಗಾಗಿ ಸಂಪಿನ ನೀರಿನ ಗುಣ ವಾರದಿಂದ ವಾರಕ್ಕೆ ಬದಲಾಗುತ್ತದೆ. ಟಿಡಿಎಸ್ 1000 ಇರುವ ನೀರು ಎಂದರೆ ಲೀಟರಿಗೆ ಒಂದು ಗ್ರಾಂ ಲವಣ ಈಗಾಗಲೇ ಕರಗಿದೆ ಎಂದರ್ಥ. ಆ ನೀರಿಗೆ ಸಮುದ್ರದ ಉಪ್ಪು ಬೆರೆಸಿದರೆ ಉಪಕರಣ ಈ ಗಡಸನ್ನೂ ಸೇರಿಸಿಕೊಂಡೇ 35 ಎನ್ನುತ್ತದೆ. ಎರಡು ಜಿಲ್ಲೆಗಳಲ್ಲೂ ಅಂತರ್ಜಲದಲ್ಲಿ ಫ್ಲೋರೈಡ್ ಇರುವ ಊರುಗಳಿವೆ; ಹೊಲದ ಸುತ್ತಿನ ಬೋರ್‌ಗಳಲ್ಲಿ ನೈಟ್ರೇಟ್ ಕೂಡ ಇರುತ್ತದೆ.

ಆದ್ದರಿಂದ ಆರ್‌ಓ ನೀರು, ಅದರ ಮುಂದೆ ಉಳಿದ ಲವಣವನ್ನೂ ಹೀರುವ ಡಿಐ ರೆಸಿನ್ ಕಾರ್ಟ್ರಿಜ್, ಕೊನೆಗೆ ಟಿಡಿಎಸ್ ಮೀಟರಿನಲ್ಲಿ 0 ಅಥವಾ 1. ಇದಕ್ಕೆ ಬದಲಿ ಇಲ್ಲ. ಅಡುಗೆಮನೆಯ ಆರ್‌ಓ ಯಂತ್ರದಲ್ಲಿ ಟಿಡಿಎಸ್ ಕಂಟ್ರೋಲರ್ ಅಥವಾ ಮಿನರಲ್ ಕಾರ್ಟ್ರಿಜ್ ಇದ್ದರೆ ಅದು ಶುದ್ಧವಾದ ನೀರಿಗೆ ಮತ್ತೆ ಲವಣ ಸೇರಿಸುತ್ತದೆ, ಕುಡಿಯಲು ರುಚಿ ಇರಲಿ ಎಂದು. ಟ್ಯಾಂಕಿಗೆ ಬೇಕಾದ ನೀರನ್ನು ಮೆಂಬ್ರೇನ್ ಆದ ತಕ್ಷಣದ ಪೈಪಿನಿಂದ ಕವಲು ತೆಗೆದು ಡಿಐಗೆ ಕೊಡಿ. ಓಣಿಯ ಶುದ್ಧ ಕುಡಿಯುವ ನೀರಿನ ಘಟಕದ ಕ್ಯಾನ್ ನೀರೂ ಹೀಗೆಯೇ. ಕುಡಿಯಲು ಒಳ್ಳೆಯದು, ಡಿಐ ದಾಟಿಸದೆ ಟ್ಯಾಂಕಿಗೆ ಬೇಡ. ಇನ್ನೊಂದು ಮಾತು: ಈ ಟಿಡಿಎಸ್ ಪೆನ್ನನ್ನು ಉಪ್ಪುನೀರಿಗೆ ಅದ್ದಬೇಡಿ. ಸಾಮಾನ್ಯ ಪೆನ್ನಿನ ಮಿತಿ ಹತ್ತು ಸಾವಿರದೊಳಗೇ ಮುಗಿಯುತ್ತದೆ, ನಮ್ಮ ನೀರು 35 ಸಾವಿರದ್ದು.

ಬೆರೆಸುವುದು

40 ಲೀಟರ್ ಹಿಡಿಯುವಂತೆ ಗುರುತು ಹಾಕಿದ, ಮುಚ್ಚಳವಿರುವ ಫುಡ್ ಗ್ರೇಡ್ ಡ್ರಮ್ ಇಟ್ಟುಕೊಳ್ಳಿ. ಗುರುತನ್ನು ಅಂದಾಜಿಗೆ ಹಾಕಬೇಡಿ. ಲೀಟರ್ ಅಳತೆಯಲ್ಲೋ ತಕ್ಕಡಿಯಲ್ಲೋ ಅಳೆದು ಸುರಿದ ಮೇಲೆ ಮಾರ್ಕರಿನಲ್ಲಿ ಗೆರೆ ಎಳೆಯಿರಿ. 20 ಲೀಟರಿನ ಕ್ಯಾನ್ ಕುತ್ತಿಗೆಯ ತನಕ ತುಂಬಿದರೆ 20ಕ್ಕಿಂತ ಹೆಚ್ಚೇ ಹಿಡಿಯುತ್ತದೆ.

ನೀರು ಮೊದಲು, ಉಪ್ಪು ಆಮೇಲೆ. ಸರ್ಕ್ಯುಲೇಷನ್ ಪಂಪ್ ಓಡುತ್ತಿರುವಾಗ ಉಪ್ಪನ್ನು ಸ್ವಲ್ಪಸ್ವಲ್ಪವೇ ಸುರಿಯಿರಿ. ಉಪ್ಪಿನ ಮೇಲೆ ನೀರು ಸುರಿದರೆ ತಳದಲ್ಲಿ ಕ್ಷಣಕಾಲ ವಿಪರೀತ ಗಟ್ಟಿ ದ್ರಾವಣವಾಗಿ ಕ್ಯಾಲ್ಸಿಯಂ ಕಾರ್ಬೋನೇಟ್ ಒಡೆದು ಬೀಳುತ್ತದೆ; ನೀರು ಹಾಲಿನಂತೆ ಬೆಳ್ಳಗಾಗಿ ತಿಳಿಯಾಗುವುದೇ ಇಲ್ಲ, ಆಲ್ಕಲಿನಿಟಿ ಕುಸಿದಿರುತ್ತದೆ. ಹೀಗಾದ ನೀರಿನಲ್ಲಿ ಲವಣಾಂಶ ಸರಿ ಬಂದರೂ ಹವಳಕ್ಕೆ ಬೇಕಾದದ್ದು ತಳದಲ್ಲಿ ಪುಡಿಯಾಗಿ ಕೂತಿರುತ್ತದೆ.

ಎಷ್ಟು ಉಪ್ಪು? ಬ್ರ್ಯಾಂಡಿಗೆ ತಕ್ಕಂತೆ 35 ಪಿಪಿಟಿಗೆ ಲೀಟರಿಗೆ 36ರಿಂದ 39 ಗ್ರಾಂ ಆಸುಪಾಸು. ಪುಡಿಯಲ್ಲಿ ಹಿಡಿದಿಟ್ಟ ತೇವವೂ ತೂಕಕ್ಕೆ ಸೇರುವುದರಿಂದ ನೇರ 35 ಗ್ರಾಂ ಸಾಲುವುದಿಲ್ಲ. ಪೊಟ್ಟಣದ ಮೇಲೆ ಲೀಟರಿಗೆ 38 ಗ್ರಾಂ ಎಂದಿದ್ದರೆ 40 ಲೀಟರಿಗೆ 1520 ಗ್ರಾಂ. ಮೊದಲ ಸಲ ಅಷ್ಟನ್ನೂ ಹಾಕದೆ 1450 ಗ್ರಾಂ ಹಾಕಿ. ಅದು 33.4ರ ಹತ್ತಿರ ನಿಲ್ಲುತ್ತದೆ, ಅಳೆದ ಮೇಲೆ ಕೊರತೆ ತುಂಬಬಹುದು. ಹೆಚ್ಚಾದ ಉಪ್ಪನ್ನು ಕಡಿಮೆ ಮಾಡಲು ಶುದ್ಧ ನೀರು ಚೆಲ್ಲಬೇಕು, ಬೇಸಿಗೆಯಲ್ಲಿ ಆ ನೀರು ದುಬಾರಿ. ಉಪ್ಪಿನ ಚೀಲವನ್ನು ತೆರೆಯುವ ಮುನ್ನ ನೆಲದ ಮೇಲೆ ನಾಲ್ಕಾರು ಸಲ ಉರುಳಿಸಿ. ಬೆಂಗಳೂರಿನಿಂದ ಲಾರಿಯಲ್ಲಿ ಕುಲುಕುತ್ತ ಬರುವಾಗ ಸಣ್ಣ ಹರಳು ಕೆಳಗಿಳಿದು ದಪ್ಪ ಹರಳು ಮೇಲುಳಿದಿರುತ್ತದೆ. ಮಳೆಗಾಲದಲ್ಲಿ ಬಾಯಿ ಸಡಿಲ ಬಿಟ್ಟ ಚೀಲದ ಉಪ್ಪು ಗಡ್ಡೆ ಕಟ್ಟಿದ್ದರೆ ತೂಕದ ಲೆಕ್ಕ ನಂಬಬೇಡಿ, ಅಳತೆಯನ್ನೇ ನಂಬಿ.

ಪೂರ್ತಿ ಕರಗುವ ತನಕ ಅಳೆಯಬೇಡಿ. ಕೆಲವು ಉಪ್ಪು ಎರಡು ಗಂಟೆಯಲ್ಲಿ ತಿಳಿಯಾಗುತ್ತದೆ, ಕೆಲವಕ್ಕೆ ಒಂದು ದಿನ ಬೇಕು. ಪೊಟ್ಟಣದಲ್ಲಿ ಹೇಳಿದಷ್ಟು ಹೊತ್ತು ಪಂಪ್ ಓಡಲಿ. ಉಪ್ಪು ಕರಗುತ್ತಿರುವಾಗಲೇ ಕರೆಂಟ್ ಹೋಗಿ ಪಂಪ್ ನಿಂತರೆ ಗಟ್ಟಿ ನೀರು ತಳದಲ್ಲಿ, ತೆಳು ನೀರು ಮೇಲೆ ನಿಲ್ಲುತ್ತದೆ. ಮೇಲಿನಿಂದ ಒಂದು ಹನಿ ತೆಗೆದು ಅಳೆದರೆ 31 ತೋರಿಸುತ್ತದೆ; ಕಡಿಮೆಯಾಯಿತು ಎಂದು ಉಪ್ಪು ಸುರಿದರೆ ಕರೆಂಟ್ ಬಂದ ಮೇಲೆ 39ಕ್ಕೆ ಏರಿರುತ್ತದೆ. ಕರೆಂಟ್ ಬಂದು ಅರ್ಧ ಗಂಟೆಯಾದರೂ ಪಂಪ್ ಓಡಿದ ಮೇಲೆ, ಡ್ರಮ್ಮಿನ ನಡುವಿನಿಂದ ಮಾದರಿ ತೆಗೆಯಿರಿ.

ರಿಫ್ರ್ಯಾಕ್ಟೋಮೀಟರ್

ಮನೆಯಲ್ಲಿ ಇದೊಂದಿದ್ದರೆ ಸಾಕು, ಬಳಸುವ ಕ್ರಮ ಗೊತ್ತಿದ್ದರೆ. ಬೆಳಕು ಉಪ್ಪುನೀರಿನಲ್ಲಿ ಎಷ್ಟು ಬಾಗುತ್ತದೆ ಎಂಬುದನ್ನು ಇದು ಅಳೆಯುತ್ತದೆ. ಆ ಬಾಗುವಿಕೆ ಲವಣದಿಂದಲೂ ಬದಲಾಗುತ್ತದೆ, ಶಾಖದಿಂದಲೂ ಬದಲಾಗುತ್ತದೆ. ಅದಕ್ಕೇ ಎಟಿಸಿ ಎಂಬ ಶಾಖ ಸರಿದೂಗಿಸುವ ವ್ಯವಸ್ಥೆ ಒಳಗಿದೆ. ಆದರೆ ಬಹುತೇಕ ಮಾದರಿಗಳಲ್ಲಿ ಎಟಿಸಿ ಕೆಲಸ ಮಾಡುವುದು 10ರಿಂದ 30 ಡಿಗ್ರಿಯ ತನಕ ಮಾತ್ರ. ಏಪ್ರಿಲ್ ಮಧ್ಯಾಹ್ನ ದಾವಣಗೆರೆಯ ಆರ್‌ಸಿಸಿ ಮನೆಯ ಮಹಡಿಯ ಕೋಣೆ 34ರಲ್ಲಿ ಕುದಿಯುತ್ತಿರುವಾಗ ಆ ಭರವಸೆ ಮುಗಿದಿರುತ್ತದೆ. ನೀರು ತಣಿಸುವ ಚಿಲ್ಲರ್ ಇಟ್ಟು ಟ್ಯಾಂಕನ್ನು 25ರಲ್ಲಿ ಇಟ್ಟಿದ್ದೇವಲ್ಲ ಎಂದರೆ ಉಪಯೋಗವಿಲ್ಲ. ಎರಡು ಹನಿ ನೀರು ಉಪಕರಣದ ತುದಿಯ ಗಾಜಿನ ಪ್ರಿಸಂ ಮೇಲೆ ಬಿದ್ದ ಅರೆ ನಿಮಿಷದಲ್ಲಿ ಪ್ರಿಸಂನ ಬಿಸಿಗೆ ಬರುತ್ತದೆ; ಲೆಕ್ಕಕ್ಕೆ ಬರುವುದು ಕೋಣೆಯ ಶಾಖ.

ಪರಿಹಾರ ಸರಳ: ಹೋಲಿಸಿ ಅಳೆಯುವುದು. 35 ಪಿಪಿಟಿಯ ಸ್ಟ್ಯಾಂಡರ್ಡ್ ದ್ರಾವಣ (ಅಳತೆ ಖಚಿತವಾಗಿ ಗೊತ್ತಿರುವ ದ್ರಾವಣ), ಅಳೆಯಬೇಕಾದ ನೀರು, ಉಪಕರಣ ಮೂರನ್ನೂ ಒಂದೇ ಮೇಜಿನ ಮೇಲೆ ಅರ್ಧ ಗಂಟೆ ಇಡಿ. ನೀರನ್ನು ಮುಚ್ಚಳವಿರುವ ಸಣ್ಣ ಬಾಟಲಿಯಲ್ಲೇ ಇಡಿ. ಮೊದಲು ಸ್ಟ್ಯಾಂಡರ್ಡ್ ಅಳೆಯಿರಿ, ತಕ್ಷಣ ನೀರನ್ನು ಅಳೆಯಿರಿ. ಸೆಖೆ ಎರಡನ್ನೂ ಒಂದೇ ಸಮ ತಿರುಚುವುದರಿಂದ ವ್ಯತ್ಯಾಸ ನಿಜವಾದದ್ದೇ ಆಗಿರುತ್ತದೆ. ಸ್ಟ್ಯಾಂಡರ್ಡ್ 34 ತೋರಿಸಿ ನಿಮ್ಮ ನೀರು 34.5 ತೋರಿಸಿದರೆ ನೀರು 35.5. ರೀಡಿಂಗ್ ಹೊಂದಿಸುವ ಸ್ಕ್ರೂ ತಿರುಗಿಸುವ ಗೋಜೂ ಇಲ್ಲ. ಬೆಳಗ್ಗೆ ಏಳರೊಳಗೆ ಈ ಕೆಲಸ ಮುಗಿಸಿಕೊಂಡರೆ ಇನ್ನೂ ಒಳ್ಳೆಯದು.

ಸ್ಕ್ರೂ ತಿರುಗಿಸಿ ಕ್ಯಾಲಿಬ್ರೇಟ್ ಮಾಡುವುದಾದರೆ ಕೋಣೆ 30ಕ್ಕಿಂತ ತಣ್ಣಗಿರುವಾಗ ಮಾಡಿ. ಪ್ರಿಸಂ ಮತ್ತು ಮುಚ್ಚಳದ ಒಳಮೈಯನ್ನು ಆರ್‌ಓ ನೀರಿನಲ್ಲಿ ತೊಳೆದು ಕನ್ನಡಕದ ಬಟ್ಟೆಯಲ್ಲಿ ಒರೆಸಿ. ಒದ್ದೆ ಉಳಿದರೆ ಅದೇ ಒಂದು ಪಿಪಿಟಿ ತಿನ್ನುತ್ತದೆ. ಪ್ರಿಸಂ ಪೂರ್ತಿ ಮುಚ್ಚುವಷ್ಟು, ಎರಡು ಮೂರು ಹನಿ ಸ್ಟ್ಯಾಂಡರ್ಡ್ ಹಾಕಿ ಮುಚ್ಚಳವನ್ನು ಒಂದು ಬದಿಯಿಂದ ನಿಧಾನವಾಗಿ ಇಳಿಸಿ. ಗುಳ್ಳೆ ಕಂಡರೆ ಒರೆಸಿ ಮತ್ತೆ ಹಾಕಿ. ಒಂದು ನಿಮಿಷ ಕಾಯಿರಿ. ಅದಕ್ಕಿಂತ ಬಹಳ ಹೊತ್ತು ಬಿಟ್ಟರೆ ನಮ್ಮ ಒಣ ಗಾಳಿಗೆ ಹನಿಯ ಅಂಚು ಆರಿ ರೀಡಿಂಗ್ ಏರತೊಡಗುತ್ತದೆ. ಕಿಟಕಿಯ ಬೆಳಕಿಗೆ ಹಿಡಿಯಿರಿ, ನೇರ ಬಿಸಿಲಿಗೆ ಬೇಡ. ಟ್ಯಾಂಕಿನ ನೀಲಿ ಎಲ್‌ಇಡಿ ಕೆಳಗೆ ಖಂಡಿತ ಬೇಡ, ಗಡಿಗೆರೆ ಮಸುಕಾಗುತ್ತದೆ. ನೀಲಿ ಮತ್ತು ಬಿಳಿ ಸೇರುವ ಗೆರೆ 35ರ ಮೇಲೆ ಕೂರುವ ತನಕ ಸ್ಕ್ರೂ ತಿರುಗಿಸಿ. ಒರೆಸಿ, ಹೊಸ ಹನಿ ಹಾಕಿ, ಇನ್ನೊಮ್ಮೆ ನೋಡಿ. ಎರಡನೇ ಸಲವೂ 35 ಬಂದರೆ ಮಾತ್ರ ಕೆಲಸ ಮುಗಿದಂತೆ. ಒಳಗೆ ಎರಡು ಅಳತೆಪಟ್ಟಿ ಇರುತ್ತದೆ. ಪಿಪಿಟಿ ಪಟ್ಟಿಯನ್ನೇ ಓದಿ. ಪಕ್ಕದ ಗ್ರ್ಯಾವಿಟಿ ಪಟ್ಟಿ ಯಾವ ಶಾಖಕ್ಕೆ ಬರೆದದ್ದು ಎಂಬುದು ಒಂದೊಂದು ಕಂಪನಿಗೆ ಒಂದೊಂದು.

ಶುದ್ಧ ನೀರಿನಲ್ಲಿ ಸೊನ್ನೆಗೆ ಕೂರಿಸಿದರೆ ಸಾಲದೇ? ಸಾಲುವುದಿಲ್ಲ. ಮಾರುಕಟ್ಟೆಯ ಎಷ್ಟೋ ರಿಫ್ರ್ಯಾಕ್ಟೋಮೀಟರ್‌ಗಳ ಪಟ್ಟಿ ಬರೆದಿರುವುದು ಅಡುಗೆ ಉಪ್ಪಿನ ದ್ರಾವಣಕ್ಕೆ, ಸಮುದ್ರದ ನೀರಿಗಲ್ಲ. ಅಂಥದ್ದನ್ನು ಸೊನ್ನೆಗೆ ಸರಿ ಕೂರಿಸಿದರೂ 35ರ ಸಮುದ್ರದ ನೀರಿಗೆ 36.5 ತೋರಿಸುತ್ತದೆ. ಅದನ್ನು 35ಕ್ಕೆ ಇಳಿಸಿದಿರೋ, ಟ್ಯಾಂಕಿನಲ್ಲಿ ನಿಜವಾಗಿ ಉಳಿಯುವುದು 33.5. ನೀವು ಅಳೆಯುವ ಜಾಗ 35ರ ಸುತ್ತ. ಹೊಂದಿಸುವುದೂ ಅಲ್ಲೇ ಆಗಬೇಕು.

ಸ್ಟ್ಯಾಂಡರ್ಡ್ ದ್ರಾವಣ ಮನೆಯಲ್ಲೇ

ಕೊಂಡು ತಂದ ಬಾಟಲಿ ಇಲ್ಲದಿದ್ದರೆ ತಯಾರಿಸಬಹುದು, ತೂಕ ಕರಾರುವಾಕ್ಕಾಗಿದ್ದರೆ. ಒಂದು ಕಿಲೋ ದ್ರಾವಣದಲ್ಲಿ 36.5 ಗ್ರಾಂ ಸೋಡಿಯಂ ಕ್ಲೋರೈಡ್, 963.5 ಗ್ರಾಂ ಶುದ್ಧ ನೀರು. ಇದರ ಬೆಳಕು ಬಾಗಿಸುವ ಗುಣ 35 ಪಿಪಿಟಿ ಸಮುದ್ರದ ನೀರಿನದ್ದೇ. ನೀರನ್ನು ಲೀಟರಿನಲ್ಲಿ ಅಳೆಯದೆ ತೂಗಿ. ಒಂದು ಗ್ರಾಂ ಮೆಟ್ಟಿಲಿನ ಅಡುಗೆಮನೆ ತಕ್ಕಡಿ ಉಪ್ಪಿಗೆ ಆಗುವುದಿಲ್ಲ, ಅದರಲ್ಲಿ ಅರ್ಧ ಗ್ರಾಂ ತಪ್ಪಿದರೆ ಅರ್ಧ ಪಿಪಿಟಿ ತಪ್ಪಿದಂತೆಯೇ. 0.01 ಗ್ರಾಂ ತೋರಿಸುವ ಸಣ್ಣ ತಕ್ಕಡಿ ಬೇಕು. ಇಲ್ಲವೇ ಪರಿಚಯದ ಅಕ್ಕಸಾಲಿಗರ ಅಂಗಡಿಯಲ್ಲಿ ತೂಗಿಸಿ ಪೊಟ್ಟಣ ಕಟ್ಟಿಸಿಕೊಂಡು ಬನ್ನಿ. ಅರ್ಧ ಕಿಲೋ ಸಾಕೆಂದರೆ 18.25 ಗ್ರಾಂ ಉಪ್ಪು, 481.75 ಗ್ರಾಂ ನೀರು.

ಕಾಲೇಜು ಲ್ಯಾಬ್‌ಗಳಿಗೆ ಕೆಮಿಕಲ್ ಪೂರೈಸುವ ಅಂಗಡಿಯಲ್ಲಿ ಸಿಗುವ ಎಆರ್ ದರ್ಜೆಯ (ಪ್ರಯೋಗಾಲಯ ಶುದ್ಧತೆಯ) ಸೋಡಿಯಂ ಕ್ಲೋರೈಡ್ ಉತ್ತಮ. ಪ್ಯಾಕೆಟ್‌ನ ಅಯೋಡಿನ್ ಪುಡಿ ಉಪ್ಪಾದರೂ ನಡೆಯುತ್ತದೆ, ಅದರಲ್ಲಿನ ಅಯೋಡಿನ್ ಈ ಅಳತೆಯನ್ನು ಕದಲಿಸುವಷ್ಟಿಲ್ಲ. ಕಲ್ಲುಪ್ಪು ಬೇಡ: ಅದರಲ್ಲಿ ತೇವವೂ ಇದೆ, ಮೆಗ್ನೀಸಿಯಂ ಲವಣ, ಮಣ್ಣು ಎಲ್ಲ ಇದೆ. ಯಾವ ಉಪ್ಪಾದರೂ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ, ತೇವ ಹೋಗಿ ಉದುರುದುರಾದ ಮೇಲೆ ಮುಚ್ಚಿದ ಡಬ್ಬಿಯಲ್ಲಿ ಆರಿಸಿ ತೂಗಿ.

ಇಲ್ಲಿ ಎಡವುವ ಜಾಗ ಒಂದಿದೆ. ಈ 36.5ರ ದ್ರಾವಣ ರಿಫ್ರ್ಯಾಕ್ಟೋಮೀಟರ್‌ಗೆ ಮಾತ್ರ. ಕಂಡಕ್ಟಿವಿಟಿ ಮೀಟರ್‌ಗೆ ಸರಿಹೊಂದುವುದು ಕಿಲೋಗೆ 32.9 ಗ್ರಾಂ, ಹೈಡ್ರೋಮೀಟರ್‌ಗೆ 37.1 ಗ್ರಾಂ. ಬರೀ ಸೋಡಿಯಂ ಕ್ಲೋರೈಡ್‌ಗೂ ಹಲವು ಲವಣ ಸೇರಿದ ಸಮುದ್ರದ ನೀರಿಗೂ ಬೆಳಕು, ವಿದ್ಯುತ್, ಭಾರ ಮೂರರಲ್ಲೂ ಬೇರೆ ಬೇರೆ ಅಂತರವಿರುವುದೇ ಕಾರಣ. ರಿಫ್ರ್ಯಾಕ್ಟೋಮೀಟರಿನ ದ್ರಾವಣಕ್ಕೆ ಕಂಡಕ್ಟಿವಿಟಿ ಪೆನ್ ಅದ್ದಿದರೆ 38ರ ಮೇಲೆ ತೋರಿಸುತ್ತದೆ, ಪೆನ್ ಕೆಟ್ಟಿದೆ ಎಂದು ಎಸೆಯಬೇಡಿ. ಮೂರು ಬಾಟಲಿ ಮಾಡಿದರೆ ಮೂರಕ್ಕೂ ಚೀಟಿ ಅಂಟಿಸಿ.

ಬಾಟಲಿಯ ಮುಚ್ಚಳ ಬಿಗಿಯಾಗಿರಲಿ. ನೀರು ಆರಿ ದ್ರಾವಣ 36ಕ್ಕೆ ಏರಿದರೆ ನೀವು ಅದನ್ನೇ 35 ಎಂದು ಕೂರಿಸುತ್ತೀರಿ, ಆಮೇಲೆ ಬೆರೆಸಿದ ಪ್ರತಿ ಡ್ರಮ್ಮೂ 36. ತಯಾರಿಸಿದ ದಿನವೇ ದ್ರಾವಣ ತುಂಬಿದ ಬಾಟಲಿಯ ಒಟ್ಟು ತೂಕ ಬರೆದಿಟ್ಟು, ಪ್ರತಿ ಸಲ ಬಳಸಿದ ಮೇಲೂ ಹೊಸ ತೂಕ ಬರೆಯಿರಿ. ಮುಂದಿನ ಸಲ ತೆರೆಯುವ ಮೊದಲು ತೂಗಿದಾಗ ಕಡಿಮೆ ಬಂದರೆ ನೀರು ಆರಿದೆ. ಚೆಲ್ಲಿ ಹೊಸದು ಮಾಡಿ.

ತುರ್ತಿಗೆ ಮೆಡಿಕಲ್ ಶಾಪಿನ 0.9 ಶೇಕಡಾ ನಾರ್ಮಲ್ ಸಲೈನ್ ಕೂಡ ಒಂದು ಸಾಕ್ಷಿ. ಸಮುದ್ರದ ನೀರಿನ ಪಟ್ಟಿಯಿರುವ ರಿಫ್ರ್ಯಾಕ್ಟೋಮೀಟರಿನಲ್ಲಿ ಅದು 8.5ರ ಆಸುಪಾಸು ಬರಬೇಕು. 35ರಲ್ಲಿ ಸರಿ ತೋರಿಸುವ ಉಪಕರಣ ಇದಕ್ಕೆ 5 ಅಥವಾ 12 ತೋರಿಸಿದರೆ ಅದರ ಪಟ್ಟಿಯೇ ಸರಿಯಿಲ್ಲ. ಆದರೆ ಕ್ಯಾಲಿಬ್ರೇಷನ್‌ಗೆ ಇದನ್ನು ಬಳಸಬೇಡಿ, 35ರಿಂದ ಬಹಳ ದೂರ.

ಉಳಿದ ಎರಡು ಉಪಕರಣ

ಗಾಜಿನ ತೇಲುವ ಹೈಡ್ರೋಮೀಟರ್ ಒಳ್ಳೆಯ ಉಪಕರಣ, ಅದು ಬರೆದಿರುವ ಶಾಖದಲ್ಲೇ ಅಳೆದರೆ. 25 ಡಿಗ್ರಿಗೆ ಮಾಡಿದ್ದನ್ನು 30 ಡಿಗ್ರಿ ನೀರಿನಲ್ಲಿ ಬಿಟ್ಟರೆ ಬಿಸಿ ನೀರು ಹಗುರವಾದ್ದರಿಂದ ಸುಮಾರು 0.0015 ಕಡಿಮೆ ಓದುತ್ತದೆ. ಅದು ಎರಡು ಪಿಪಿಟಿ. ಆ ಕೊರತೆ ತುಂಬಲು ಉಪ್ಪು ಹಾಕಿದವರ ಟ್ಯಾಂಕ್ ಬೇಸಿಗೆಯುದ್ದಕ್ಕೂ 37ರಲ್ಲಿ ಇರುತ್ತದೆ. ಎತ್ತರದ ಜಾರ್‌ನಲ್ಲಿ ನೀರು ತೆಗೆದು, ಆ ಜಾರನ್ನು ಮಣ್ಣಿನ ಗಡಿಗೆಯ ತಣ್ಣೀರು ತುಂಬಿದ ಬೋಗುಣಿಯಲ್ಲಿ ನಿಲ್ಲಿಸಿ, ಥರ್ಮಾಮೀಟರ್ 25ಕ್ಕೆ ಬಂದಾಗ ಓದಿ. ಕಣ್ಣು ನೀರಿನ ಮಟ್ಟಕ್ಕಿರಲಿ; ಗಾಜಿನ ಕಡ್ಡಿಯ ಸುತ್ತ ಮೇಲೇರಿದ ನೀರಿನ ಅಂಚನ್ನು ಓದದೆ ಸಮತಲವನ್ನು ಓದಿ. ಪ್ಲಾಸ್ಟಿಕ್ ಡಬ್ಬಿಯೊಳಗೆ ಮುಳ್ಳು ಏಳುವ ಅಗ್ಗದ ಹೈಡ್ರೋಮೀಟರ್ ಮಾತ್ರ ನಮ್ಮ ಶಿಫಾರಸಲ್ಲ. ಮುಳ್ಳಿಗೆ ಅಂಟಿದ ಒಂದು ಗಾಳಿಗುಳ್ಳೆ ಅದನ್ನು ಮೇಲಕ್ಕೆತ್ತುತ್ತದೆ, ಒಣಗಿದ ಉಪ್ಪು ಕೆಳಕ್ಕೆ ಎಳೆಯುತ್ತದೆ.

ಕಂಡಕ್ಟಿವಿಟಿ ಪೆನ್, ಉದಾಹರಣೆಗೆ ಹ್ಯಾನ್ನಾ ಕಂಪನಿಯ ಸಲಿನಿಟಿ ಟೆಸ್ಟರ್, ಸರಾಗ. ವಾಹಕತೆ ಒಂದು ಡಿಗ್ರಿಗೆ ಸುಮಾರು ಎರಡು ಶೇಕಡಾ ಬದಲಾಗುವುದರಿಂದ ಒಳಗಿನ ಶಾಖದ ಸೆನ್ಸರ್ ನೀರಿನ ಬಿಸಿಗೆ ಬರುವ ತನಕ ಅಂಕಿ ಓಡುತ್ತಿರುತ್ತದೆ. ಒಂದು ನಿಮಿಷ ಅದ್ದಿಟ್ಟು, ನಡುವೆ ಮೆಲ್ಲನೆ ಅಲುಗಿಸಿ ಪ್ರೋಬ್‌ನೊಳಗಿನ ಗುಳ್ಳೆ ಬಿಡಿಸಿ. ಗುಳ್ಳೆಯಿದ್ದರೆ ಕಡಿಮೆ ಓದುತ್ತದೆ. ಕ್ಯಾಲಿಬ್ರೇಷನ್ ಸ್ಯಾಶೆ ಒಮ್ಮೆ ಹರಿದರೆ ಆ ದಿನಕ್ಕೇ ಮುಗಿಯಿತು, ಮಡಚಿ ಕ್ಲಿಪ್ ಹಾಕಿ ತಿಂಗಳುಗಟ್ಟಲೆ ಇಡಬೇಡಿ. ಬಳಸಿದ ಮೇಲೆ ಪ್ರೋಬನ್ನು ಆರ್‌ಓ ನೀರಿನಲ್ಲಿ ತೊಳೆಯಿರಿ.

ಎರಡು ಬೇರೆ ತತ್ವದ ಉಪಕರಣ ಇದ್ದವರು ಎರಡರಲ್ಲೂ ನೋಡಿ. ಅರ್ಧ ಪಿಪಿಟಿಯೊಳಗೆ ಹೊಂದಿದರೆ ನೆಮ್ಮದಿ. ಹೊಂದದಿದ್ದರೆ ಸರಾಸರಿ ತೆಗೆಯಬೇಡಿ. ಎರಡನ್ನೂ ಅದರದರ ಸ್ಟ್ಯಾಂಡರ್ಡ್‌ನಲ್ಲಿ ಪರೀಕ್ಷಿಸಿ ತಪ್ಪಿದ್ದನ್ನು ಹುಡುಕಿ.

ತಿದ್ದುವ ಲೆಕ್ಕ

ಕಡಿಮೆ ಬಂದರೆ: ಲೀಟರಿಗೆ ಒಂದು ಪಿಪಿಟಿ ಏರಿಸಲು, 38 ಗ್ರಾಂ ಬ್ರ್ಯಾಂಡಿನ ಉಪ್ಪಾದರೆ, 1.09 ಗ್ರಾಂ. 40 ಲೀಟರ್ ನೀರು 33 ಇದ್ದರೆ 40 × 2 × 1.09, ಅಂದರೆ 87 ಗ್ರಾಂ. ಹೆಚ್ಚು ಬಂದರೆ: 37 ಇರುವ 40 ಲೀಟರಿನಿಂದ 2.16 ಲೀಟರ್ ತೆಗೆದು ಅಷ್ಟೇ ಡಿಐ ನೀರು ಹಾಕಿ. ಸೂತ್ರ ಇಷ್ಟೇ, ಇರುವ ಪಿಪಿಟಿಯಿಂದ 35 ಕಳೆದು, ಇರುವ ಪಿಪಿಟಿಯಿಂದ ಭಾಗಿಸಿ, ಒಟ್ಟು ಲೀಟರಿನಿಂದ ಗುಣಿಸಿ. ಯಾವುದೇ ತಿದ್ದುಪಡಿಯ ಮೇಲೆ ಪಂಪ್ ಓಡಿಸಿ, ಪೂರ್ತಿ ಕರಗಿದ ಮೇಲೆಯೇ ಮತ್ತೆ ಅಳೆಯಿರಿ.

ಡ್ರಮ್ಮನ್ನು ಮುಚ್ಚಿಡಿ. ಬೇಸಿಗೆಯ ಒಣಗಾಳಿಗೆ ಬಾಯಿ ತೆರೆದ 40 ಲೀಟರಿನಿಂದ ಒಂದು ಲೀಟರ್ ಆವಿಯಾದರೆ 35 ಇದ್ದದ್ದು 35.9 ಆಗುತ್ತದೆ. ಉಪ್ಪು ಆವಿಯಾಗುವುದಿಲ್ಲ. ಟ್ಯಾಂಕಿನಲ್ಲೂ ಇದೇ ನಿಯಮ, ಆರಿದ ನೀರಿಗೆ ಬದಲು ಹಾಕಬೇಕಾದದ್ದು ಸಿಹಿನೀರು ಮಾತ್ರ, ಉಪ್ಪುನೀರಲ್ಲ.

ನೀರು ಬದಲಿಸುವ ದಿನ ಹೊಸ ನೀರನ್ನೂ ಟ್ಯಾಂಕಿನ ನೀರನ್ನೂ ಒಂದೇ ಉಪಕರಣದಲ್ಲಿ ಬೆನ್ನುಬೆನ್ನಿಗೆ ಅಳೆಯಿರಿ. ಈ ಕ್ರಮ ಹಿಡಿದ ಮೊದಲ ಸಲ ಟ್ಯಾಂಕ್ 38 ಇದೆ ಎಂದು ಗೊತ್ತಾದರೆ ಗಾಬರಿಯಾಗಿ ಒಂದೇ ದಿನ ಇಳಿಸಬೇಡಿ. ಅಲ್ಲಿಯ ಜೀವಿಗಳು ತಿಂಗಳುಗಳಿಂದ 38ಕ್ಕೇ ಒಗ್ಗಿಕೊಂಡಿವೆ, ದಿಢೀರ್ ಬದಲಾವಣೆ ಅದಕ್ಕಿಂತ ಕೆಟ್ಟದ್ದು. ದಿನಕ್ಕೆ ಒಂದು ಪಿಪಿಟಿಗಿಂತ ಹೆಚ್ಚು ಬೇಡ. ಬಂಡೆ, ಮರಳು ಬಿಟ್ಟು 200 ಲೀಟರ್ ನೀರಿರುವ ಟ್ಯಾಂಕಾದರೆ ಮೊದಲ ದಿನ 5.3 ಲೀಟರ್ ಉಪ್ಪುನೀರು ತೆಗೆದು, ಅಷ್ಟೇ ಡಿಐ ನೀರನ್ನು ಅಕ್ವೇರಿಯಂ ಸಂಪಿನ (ಫಿಲ್ಟರ್ ತೊಟ್ಟಿಯ) ರಿಟರ್ನ್ ಪಂಪ್ ಬಳಿ ಸಣ್ಣ ಧಾರೆಯಲ್ಲಿ ಎರಡು ಮೂರು ಗಂಟೆಯಲ್ಲಿ ಬಿಡಿ. ಹವಳದ ಮೇಲೆ ನೇರವಾಗಿ ಬೇಡ. ಮರುದಿನ ಬೆಳಗ್ಗೆ ಸ್ಟ್ಯಾಂಡರ್ಡ್ ಜೊತೆ ಹೋಲಿಸಿ ಅಳೆದು, 37 ಬಂದಿದ್ದರೆ 5.4 ಲೀಟರ್, ಅದರ ಮರುದಿನ 36 ಬಂದಿದ್ದರೆ 5.6 ಲೀಟರ್. ಈ ಮೂರು ದಿನ ಎಟಿಒ (ಆರಿದಷ್ಟು ಸಿಹಿನೀರನ್ನು ತಾನೇ ತುಂಬುವ ಉಪಕರಣ) ಓಡುತ್ತಲೇ ಇರಲಿ, ಇಲ್ಲದಿದ್ದರೆ ಇಳಿಸಿದ್ದರಲ್ಲಿ ಒಂದು ಪಾಲನ್ನು ಸೆಖೆ ವಾಪಸ್ ಏರಿಸುತ್ತದೆ. ನೀರು ತೆಗೆಯುವಾಗ ಮಾತ್ರ ಅದನ್ನು ಆರಿಸಿ, ಮಟ್ಟ ಸರಿಹೋದ ತಕ್ಷಣ ಮತ್ತೆ ಹಾಕಿ.